ಹುರುಳಿಕಾಳಿನೊಳಗಿನ ತಡೆಗಾರ

ಹುರುಳಿ, ಸೋಯಾ, ಅಲಸಂದೆ, ಅವರೆ, ಯಾವ ಕಾಳೇ ಆಗಲಿ, ಅದರಲ್ಲಿ ಪ್ರೋಟೀನ್ ಇದೆ. ಆ ಪ್ರೋಟೀನ್ ಸಲೀಸಾಗಿ ಜೀರ್ಣವಾಗದಂತೆ ತಡೆಯುವ ಇನ್ನೊಂದು ಪ್ರೋಟೀನೂ ಜೊತೆಗೇ ಇದೆ!

ನಮ್ಮ ಕರುಳಿನಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಇರುತ್ತದೆ. ತಿಂದ ಪ್ರೋಟೀನನ್ನು ತುಂಡು ಮಾಡುವುದು ಅದರ ಕೆಲಸ. ಕಾಳಿನ ತಡೆ ಪ್ರೋಟೀನು, ಕಿಣ್ವ ಕತ್ತರಿಸುವ ಜಾಗಕ್ಕೇ ಹೋಗಿ ಅಂಟಿಕೊಂಡುಬಿಡುತ್ತದೆ. ಅಲ್ಲಿಗೆ ಕೆಲಸ ನಿಂತಿತು. ಕಾಳು ತಿನ್ನಲು ಬರುವ ಎಷ್ಟೋ ಹುಳಗಳ ಹೊಟ್ಟೆಯಲ್ಲೂ ಇಂಥ ಕಿಣ್ವಗಳಿವೆ. ಓಡಿಹೋಗಲಾರದ ಗಿಡ ತನ್ನ ಬೀಜವನ್ನು ಹೀಗೂ ಕಾಯಬೇಕು ಅಲ್ವಾ? ಬೇಯಿಸಿದ ಸೋಯಾ ತಿಂದ ಇಲಿಗಳು ಚೆನ್ನಾಗಿ ಬೆಳೆಯುತ್ತವೆ, ಹಸಿ ಸೋಯಾ ತಿಂದವು ಬೆಳೆಯುವುದಿಲ್ಲ ಎಂದು ಅಮೆರಿಕದ ವಿಜ್ಞಾನಿಗಳಾದ ಆಸ್ಬರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ಈ ತಡೆ ಪ್ರೋಟೀನುಗಳು ಅದಕ್ಕೊಂದು ಕಾರಣ ಎಂದು ತಿಳಿದದ್ದು ಆಮೇಲೆ.

ಕಾಳಿನ ಹಿಟ್ಟಿನಲ್ಲಿರುವ ಸಾವಿರಾರು ಅಣುಗಳ ನಡುವೆ ಇದನ್ನು ಹುಡುಕುವುದು ಹೇಗೆ? ಟ್ರಿಪ್ಸಿನನ್ನೇ ಗಾಳ ಮಾಡಿಕೊಳ್ಳುತ್ತಾರೆ. ಸಣ್ಣ ಮಣಿಗಳಿಗೆ ಟ್ರಿಪ್ಸಿನ್ ಅಂಟಿಸಿ, ಅವುಗಳ ಮೇಲೆ ಕಾಳಿನ ರಸ ಹರಿಸುತ್ತಾರೆ. ಬೇರೆಲ್ಲ ತೊಳೆದುಹೋಗುತ್ತದೆ, ತಡೆ ಪ್ರೋಟೀನು ಮಾತ್ರ ಕಚ್ಚಿಕೊಂಡಿರುತ್ತದೆ. ಸ್ವಲ್ಪ ಆಮ್ಲ ಹಾಕಿದರೆ ಅದೂ ಬಿಡುತ್ತದೆ.

ಸಿಕ್ಕಿದ್ದು ಯಾವುದೆಂದು ಹೇಳುವುದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳ ತೂಕ ಅಳೆಯುವ ಯಂತ್ರ. ಮಾಲ್ಡಿ ಎಂಬ ವಿಧಾನದಲ್ಲಿ, ಲೇಸರ್ ಬೆಳಕು ಹೀರುವ ವಸ್ತುವಿನ ಜೊತೆ ಪ್ರೋಟೀನನ್ನು ಬೆರೆಸಿ ಲೋಹದ ತಟ್ಟೆಯ ಮೇಲೆ ಒಣಗಿಸುತ್ತಾರೆ. ಲೇಸರ್ ಬಿದ್ದಾಗ ಅಣುಗಳು ಒಡೆಯದೆ ಮೇಲೇಳುತ್ತವೆ, ವಿದ್ಯುದಾವೇಶ ಹೊತ್ತು ಗಾಳಿಯಿಲ್ಲದ ಕೊಳವೆಯಲ್ಲಿ ಹಾರುತ್ತವೆ. ಹಗುರ ಇದ್ದದ್ದು ಮೊದಲು ಮುಟ್ಟುತ್ತದೆ, ಭಾರದ್ದು ತಡವಾಗಿ. ಆ ಹೊತ್ತಿನಿಂದಲೇ ತೂಕದ ಲೆಕ್ಕ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಹುರುಳಿಯ ಇಂಥ ಪ್ರೋಟೀನನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಜೆಲ್ ಎಂಬ ಲೋಳೆಯಂಥ ಪದರದಲ್ಲಿ ವಿದ್ಯುತ್ತಿನಿಂದ ಓಡಿಸಿದಾಗ ಅದರ ತೂಕ ಸುಮಾರು 16 ಸಾವಿರ ಡಾಲ್ಟನ್ (ಅಣುಗಳ ತೂಕದ ಅಳತೆ) ಅನ್ನಿಸುತ್ತಿತ್ತು. ಮಾಸ್ ಸ್ಪೆಕ್ಟ್ರೋಮೀಟರ್ ಹೇಳಿದ್ದು ಅದರ ಅರ್ಧದಷ್ಟು. ಎರಡು ಅಣುಗಳು ಜೋಡಿಯಾಗಿ ಅಂಟಿಕೊಂಡಿದ್ದವು, ಅಷ್ಟೇ. ಒಂದೊಂದರಲ್ಲಿ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು 76, ಅವನ್ನು ಬಿಗಿದ 7 ಗಂಧಕದ ಬೆಸುಗೆಗಳು.

ಈ ಬೆಸುಗೆಗಳನ್ನು ಎಣಿಸುವುದೂ ತೂಕದಿಂದಲೇ. ಇದು ನನಗೆ ತುಂಬ ಇಷ್ಟವಾದ ಭಾಗ. ಬೆಸುಗೆ ಬಿಚ್ಚಿ, ತೆರೆದುಕೊಂಡ ಪ್ರತಿ ತುದಿಗೆ ಅಯೋಡೋಅಸಿಟಮೈಡ್ ಎಂಬ ರಾಸಾಯನಿಕದಿಂದ ಅಣುಗಳ ಒಂದು ಚಿಕ್ಕ ಗುಂಪು ಸೇರಿಸಿದರೆ ತೂಕ ತುದಿಗೆ 58 ಡಾಲ್ಟನ್‌ನಂತೆ ಏರುತ್ತದೆ. ಒಟ್ಟು 812 ಏರಿದರೆ 14 ತುದಿ, ಅಂದರೆ 7 ಬೆಸುಗೆ. ಕಣ್ಣಿಗೆ ಕಾಣದ ಅಣುವಿನ ಒಳಗಟ್ಟು ಹೀಗೆ ಲೆಕ್ಕಕ್ಕೆ ಸಿಗುತ್ತದೆ.

ಹುರುಳಿ ಮೊಳಕೆಯೊಡೆದಾಗ ಈ ಪ್ರೋಟೀನಿನ ಸರಪಳಿಯ ತುದಿ ತುಂಡಾಗುತ್ತದೆ, ಜೋಡಿ ಬಿಡುತ್ತದೆ, ತೂಕ ಇಳಿಯುತ್ತದೆ. ಆದರೆ ಕಿಣ್ವ ತಡೆಯುವ ಗುಣ ಉಳಿದೇ ಇರುತ್ತದೆ. ಮೊಳಕೆ ಬಂದಿದೆ ಎಂದು ಹಸಿದಾಗಿಯೇ ತಿನ್ನಬೇಡಿ. ಆ 7 ಬೆಸುಗೆಗಳು ಬಿಸಿಯನ್ನೂ ಚೆನ್ನಾಗಿ ತಾಳುತ್ತವೆ. ಅದಕ್ಕೇ ಸಾರಿಗೆ ಹಾಕುವ ಮೊಳಕೆ ಹುರುಳಿಯನ್ನು ನೀರಲ್ಲಿ ಮೆತ್ತಗಾಗುವ ತನಕ ಬೇಯಿಸಿ.