ನನ್ನ ಸರದಿ ಬಂದಾಗ ಬಾಯೇ ಕಟ್ಟುತ್ತದೆ, ಏನು ಮಾಡಲಿ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ಒಬ್ಬಳೇ ಓದುವಾಗ ಎಲ್ಲ ಬರುತ್ತದೆ. ಕ್ಲಾಸಿನಲ್ಲಿ ನನ್ನ ಹೆಸರು ಕರೆದರೆ ತಲೆ ಖಾಲಿ. ಕ್ಯಾಮೆರಾ ಆಫ್ ಮಾಡಿ ಕೂತುಬಿಡುತ್ತೇನೆ. ಈ ನಾಚಿಕೆ ಹೋಗುವುದು ಹೇಗೆ?

ಉತ್ತರ: ತಪ್ಪೆಲ್ಲ ನಿಮ್ಮ ನಾಚಿಕೆಯದಲ್ಲ. ಅರ್ಧ ಆ ಸ್ಕ್ರೀನಿನದು.

ಎದುರಾಎದುರು ಕೂತು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸರಾಸರಿ 0.2 ಸೆಕೆಂಡಿನಷ್ಟೇ ಬಿಡುವು. ಆನ್‌ಲೈನ್‌ನಲ್ಲಿ ಕೆಲವೊಮ್ಮೆ ನೆಟ್‌ವರ್ಕೇ ಅಷ್ಟು ಹೊತ್ತು ತಿನ್ನುತ್ತದೆ. ಸಾಲದ್ದಕ್ಕೆ ಎಲ್ಲರೂ ಮ್ಯೂಟ್‌ನಲ್ಲಿ. ನೀವು ಕಷ್ಟಪಟ್ಟು ಒಂದು ವಾಕ್ಯ ಮುಗಿಸಿದರೆ 'ಹ್ಞೂಂ' ಅನ್ನುವವರೂ ಇಲ್ಲ. ತಪ್ಪಾಯಿತೇನೋ ಅಂತ ಎದೆ ಧಸಕ್ಕೆನ್ನುತ್ತದೆ. ಪಾಪ, ಟೀಚರ್ ಅನ್‌ಮ್ಯೂಟ್ ಬಟನ್ ಹುಡುಕುತ್ತಿರುತ್ತಾರೆ ಅಷ್ಟೇ.

ಇನ್ನೊಂದು, ನಿಮ್ಮದೇ ಮುಖ. ಜರ್ಮನ್‌ನಲ್ಲಿ 'ಶೋನ್' ಅಂದರೆ 'ಆಗಲೇ'. ಹೆಚ್ಚುಕಡಿಮೆ ಹಾಗೇ ಕೇಳಿಸುವ ಇನ್ನೊಂದು ಪದಕ್ಕೆ 'ಚೆಂದ' ಅಂತ ಅರ್ಥ. ಅದನ್ನು ಅನ್ನಬೇಕಾದರೆ ತುಟಿಯನ್ನು 'ಓ' ಅನ್ನುವ ಹಾಗೆ ದುಂಡಗಿಟ್ಟು ಒಳಗಿಂದ 'ಏ' ಅನ್ನಬೇಕು. ನಮ್ಮಲ್ಲಿ ಆ ಸ್ವರಕ್ಕೆ ಅಕ್ಷರವೇ ಇಲ್ಲ. ಈ ಕಸರತ್ತಿನ ನಡುವೆ ಸ್ವಂತ ಮೂತಿ ನೋಡಿಕೊಂಡರೆ ಮಾತು ಎಲ್ಲಿಂದ ಬರಬೇಕು? ವಿಡಿಯೊ ಕರೆ ಯಾಕೆ ಸುಸ್ತು ಮಾಡುತ್ತದೆ ಎಂದು 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜೆರೆಮಿ ಬೇಲೆನ್ಸನ್ ಕೊಟ್ಟ ನಾಲ್ಕು ಕಾರಣಗಳಲ್ಲಿ ಹೀಗೆ ಸದಾ ತನ್ನನ್ನೇ ನೋಡಿಕೊಳ್ಳುವುದೂ ಒಂದು. ಝೂಮ್‌ನಲ್ಲಿ 'ಹೈಡ್ ಸೆಲ್ಫ್ ವ್ಯೂ' ಅಂತ ಇದೆ. ಕ್ಯಾಮೆರಾ ಆಫ್ ಮಾಡುವ ಬದಲು ಅದನ್ನು ಒತ್ತಿ, ನಿಮ್ಮ ಮುಖ ನಿಮಗೆ ಮಾತ್ರ ಕಾಣುವುದಿಲ್ಲ. ಟೀಚರಿಗೆ ನಿಮ್ಮ ತುಟಿ ಕಾಣಬೇಕಲ್ವಾ?

ತಲೆ ಖಾಲಿಯಾದಾಗ ಸುಮ್ನೆ ಕೂರಬೇಡಿ. 'ಐನೆನ್ ಮೊಮೆಂಟ್, ಬಿಟ್ಟೆ' ಅನ್ನಿ. ಒಂದು ನಿಮಿಷ ಪ್ಲೀಸ್ ಅಂತ. (ನಮ್ಮ ಕಿವಿಗೆ 'ಕೈಬಿಟ್ಟೆ' ಅಂದ ಹಾಗಿದೆ, ನಿಜ.) ನೀವು ಯೋಚಿಸುತ್ತಿದ್ದೀರಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ನಿಮಗೂ ಉಸಿರಾಡಲು ಜಾಗ ಸಿಗುತ್ತದೆ. ಇದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಳ್ಳಿ. ನಾನು ಅಂಟಿಸಿಕೊಂಡಿದ್ದೆ.

ಪಟಪಟ ಮಾತಾಡುವ ಸಹಪಾಠಿ ಎಲ್ಲ ಕ್ಲಾಸಿನಲ್ಲೂ ಒಬ್ಬರಿರುತ್ತಾರೆ. ಹೊಟ್ಟೆ ಉರಿದರೆ ಉರಿಯಲಿ. ಆದರೆ 'ವೈಲ್', ಅಂದರೆ 'ಯಾಕಂದ್ರೆ', ಬಂದಾಗ ಕ್ರಿಯಾಪದ ಕೊನೆಗೆ ಹೋಗುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ಯೋಚಿಸುವವರು ಎಡವುತ್ತಾರೆ, ಕನ್ನಡದಲ್ಲಿ ಯೋಚಿಸಿದರೆ ಅದು ಮನೆಯ ದಾರಿ.

ಇಷ್ಟಾದರೂ ಹೆದರಿಕೆ ಇದ್ದರೆ ಬ್ರೇಕ್‌ಔಟ್ ರೂಮಿನಲ್ಲಿ, ಅಂದರೆ ಅದೇ ಕರೆಯೊಳಗಿನ ಪುಟ್ಟ ಪ್ರತ್ಯೇಕ ಕೋಣೆಯಲ್ಲಿ, ಇಬ್ಬರೇ ಮಾತಾಡಲು ಬಿಡಿ ಅಂತ ಟೀಚರನ್ನು ಕೇಳಿ. ಗೋಥೆ ಸಂಸ್ಥೆ ನಡೆಸುವ ಮಧ್ಯಮ ಹಂತದ ಜರ್ಮನ್ ಪರೀಕ್ಷೆ ಬಿ1ರ ಮಾತಿನ ಭಾಗವೂ ಸಾಮಾನ್ಯವಾಗಿ ಇಬ್ಬರಿಬ್ಬರನ್ನು ಕೂರಿಸಿಯೇ ನಡೆಯುತ್ತದೆ.