ಕೊನೆಯದಾಗಿ ಒಮ್ಮೆ ಭೇಟಿಯಾಗಲೇ?

ಪ್ರಶ್ನೆ: ಸಂಬಂಧ ಮುರಿದು ಎರಡು ತಿಂಗಳಾಯಿತು. ಕೊನೆಯದಾಗಿ ಒಮ್ಮೆ ಭೇಟಿಯಾಗಿ, ಬಿಟ್ಟದ್ದೇಕೆ ಎಂದು ಕೇಳಿಬಿಟ್ಟರೆ ಮನಸ್ಸು ಹಗುರಾದೀತು ಅನಿಸುತ್ತಿದೆ. ಹೋಗಲೇ?

ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ಇದನ್ನೇ ಬರೆದಿದ್ದೇನೆ, ಆದರೂ ಬರುವುದು ನಿಂತಿಲ್ಲ. ಈ ಸಲ ಕಾರಣವನ್ನು ಬಿಡಿಸಿಯೇ ಹೇಳುತ್ತೇನೆ.

ಕಾರಣ ತಿಳಿದರೆ ನೋವು ನಿಲ್ಲುತ್ತದೆ ಎಂಬ ನಂಬಿಕೆಯೇ ತಪ್ಪು. ಹೆಚ್ಚಿನವರಿಗೆ ಕಾರಣ ಆಗಲೇ ಗೊತ್ತಿರುತ್ತದೆ. ಕೇಳಿದ ಮೇಲೂ ಅವರೇ ಬೇಕೆನಿಸುವುದರಿಂದ ಅದು ಸಾಲದೆನಿಸುತ್ತದೆ, ಅಷ್ಟೆ. 2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಷರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೀತಿಸಿದವರು ಬಿಟ್ಟುಹೋದ 15 ಮಂದಿಗೆ ಆ ಬಿಟ್ಟುಹೋದವರ ಫೋಟೊ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಲಾಯಿತು. ಕೊಕೇನ್ ಚಟದ ಹಂಬಲಕ್ಕೆ ಸಂಬಂಧಿಸಿದ ಭಾಗಗಳು ಅಲ್ಲೂ ಚುರುಕಾಗಿದ್ದವು. ಚಿಕ್ಕ ಅಧ್ಯಯನ, ನಿಜ. ಆದರೂ ಭೇಟಿಯ ಸಂಜೆ ಹಗುರ, ಮೂರನೆಯ ದಿನ ಮೊದಲಿಗಿಂತ ಭಾರ ಆಗುವುದೇಕೆಂದು ಅದರಿಂದ ಅರ್ಥವಾಗುತ್ತದೆ: ಹಂಬಲಕ್ಕೆ ಒಂದು ತುತ್ತು ಸಿಕ್ಕಿತು, ಮತ್ತೆ ಹಸಿಯಿತು. ಅಪರೂಪಕ್ಕೊಮ್ಮೆ ಸಿಗುವ ಫಲವೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಹತ್ತು ಮೆಸೇಜಿಗೆ ಒಂದು ಉತ್ತರ ಬಂದರೆ ಹನ್ನೊಂದನೆಯದನ್ನು ತಡೆಯುವುದು ಇನ್ನೂ ಕಷ್ಟ.

ಜೊತೆಗೆ ಎದುರಿಗಿರುವವರು ನೋಯಿಸಬಾರದೆಂದು ಮೆತ್ತಗೆ ಮಾತಾಡುತ್ತಾರೆ. ‘ನಿನ್ನದೇನೂ ತಪ್ಪಿಲ್ಲ, ನನಗೇ ಆಗಲಿಲ್ಲ’ ಎಂಬ ಒಂದು ಮಾತಿನ ಅರ್ಥ ಹುಡುಕುತ್ತ ಮತ್ತೆರಡು ವಾರ ನಿದ್ದೆ ಹೋಗುತ್ತದೆ. ಕದ್ದು ಸ್ಟೇಟಸ್ ನೋಡುವುದೂ ಲೆಕ್ಕದಲ್ಲಿ ಭೇಟಿಯೇ. ಮಕ್ಕಳ ಅಥವಾ ಹಣದ ವಿಷಯವಿದ್ದರೆ ಅಷ್ಟನ್ನು ಮಾತ್ರ ಬರಹದಲ್ಲಿ ಮುಗಿಸಿ. ವಸ್ತುಗಳನ್ನು ಮೂರನೆಯವರ ಕೈಯಲ್ಲಿ ಕಳಿಸಿ.

ಕೇಳಬೇಕೆಂದಿದ್ದನ್ನೆಲ್ಲ ಕಳಿಸದ ಪತ್ರವಾಗಿ ಬರೆಯಿರಿ. ದಿನಕ್ಕೆ 15ರಿಂದ 20 ನಿಮಿಷ, ಮೂರು ನಾಲ್ಕು ದಿನ, ಸಾಕು. ಮೂರನೆಯ ದಿನವೂ ಮೊದಲ ದಿನದ ವಾಕ್ಯಗಳೇ ಬರುತ್ತಿದ್ದರೆ ನಿಲ್ಲಿಸಿ. ಕೊರಗನ್ನೇ ಮೆಲುಕು ಹಾಕುವ ಸ್ವಭಾವದವರಿಗೆ ಬರೆಯುವುದೇ ಗಾಯ ಕೆರೆದಂತಾಗುತ್ತದೆ. ಅಂಥವರು ಆ ದಿನ ಮಾಡಿದ ಕೆಲಸಗಳನ್ನಷ್ಟೇ ಬರೆಯಲಿ. ಫೋಟೊಗಳನ್ನು ಆವೇಶದಲ್ಲಿ ಅಳಿಸಬೇಡಿ, ಪೆನ್‌ಡ್ರೈವಿಗೆ ಹಾಕಿ ನಂಬಿಕಸ್ಥರಿಗೆ ಕೊಡಿ. ಮೆಸೇಜ್ ಕಳಿಸಲೇಬೇಕೆನಿಸಿದಾಗ ನೋಟ್ಸ್‌ನಲ್ಲಿ ಟೈಪ್ ಮಾಡಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು 20 ನಿಮಿಷ ನಡೆದುಬನ್ನಿ. ರಾತ್ರಿ ನಿದ್ದೆ ಬರದಿದ್ದರೂ ಬೆಳಗ್ಗೆ ಏಳುವ ಹೊತ್ತು ಬದಲಾಗಬಾರದು. ಎರಡು ವಾರ ಕಳೆದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ; ಅವತ್ತೇ ಹೋಗಿ, ಒಬ್ಬರೇ ಇರಬೇಡಿ.

ಇನ್ನು, ಇಂಥವರ ಗೆಳೆಯರು ಏನು ಮಾಡಬೇಕು? ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಬಿಟ್ಟುಹೋದವರನ್ನು ಬೈದು ಸಮಾಧಾನ ಮಾಡಲು ಹೋಗಬೇಡಿ. ನೊಂದವರು ತಕ್ಷಣ ಅವರ ಪರ ವಾದಿಸುತ್ತ ಮತ್ತೆ ಹಂಬಲಿಸತೊಡಗುತ್ತಾರೆ. ಅವರ ಸುದ್ದಿಯನ್ನೂ ತರಬೇಡಿ. ಅರ್ಧ ಗಂಟೆ ಕೇಳಿಸಿಕೊಂಡು, ಆಮೇಲೆ ‘ಊಟ ಆಯ್ತಾ?’ ಎಂದು ಎಬ್ಬಿಸಿ ಕರೆದುಕೊಂಡು ಹೋಗಿ. ಮೊದಲ ವಾರ ಹತ್ತು ಜನ ಇರುತ್ತಾರೆ. ಆರನೆಯ ವಾರ ಫೋನ್ ಮಾಡುವವರು ನೀವಾಗಿ.