ಕಚ್ಚಾ ತೈಲದ ಚಾರ್ಟಿನಲ್ಲಿ ಡಬಲ್ ಬಾಟಮ್ ಕಂಡರೆ

ಮಂಗಳೂರು ಮತ್ತು ಪಾದೂರಿನ ನೆಲದಡಿಯ ಬಂಡೆಗುಹೆಗಳಲ್ಲಿ ಒಟ್ಟು 40 ಲಕ್ಷ ಟನ್ ಕಚ್ಚಾ ತೈಲ ಹಿಡಿಸುತ್ತದೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಕೂಡ ಮಂಗಳೂರಲ್ಲೇ ಇದೆ. ಆದರೂ ನಮ್ಮ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ತೈಲದ ದರ ಏರಿಳಿಯುವುದು ನ್ಯೂಯಾರ್ಕ್ ವಹಿವಾಟಿನ ಹಿಂದೆಯೇ. ಪಣಂಬೂರು ಬಂದರಿಗೆ ಬರುವ ಹಡಗು ಎಣಿಸಿ ಪ್ರಯೋಜನವಿಲ್ಲ, ನೋಡಬೇಕಾದದ್ದು ದರದ ಚಾರ್ಟನ್ನು.

ಉದಾಹರಣೆಗೆ, ಬ್ಯಾರೆಲ್‌ಗೆ 5,600 ರೂಪಾಯಿಗೆ ಇಳಿದ ದರ 5,800ಕ್ಕೆ ಏರಿ, ಮತ್ತೆ ಇಳಿದು 5,610ರಲ್ಲೇ ನಿಂತಿತು ಎನ್ನಿ. ಹೀಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಎರಡು ತಳ ಕಾಣುವುದೇ ಡಬಲ್ ಬಾಟಮ್. ಎರಡು ತಳಗಳ ನಡುವಿನ ಏರಿಕೆ ನಿಂತ 5,800 ಅದರ ನೆಕ್‌ಲೈನ್, ಅಂದರೆ ದರ ದಾಟಬೇಕಾದ ಗೆರೆ. ಇನ್ನೂ ಇಳಿಯುತ್ತದೆ, ಆಮೇಲೆ ಅಗ್ಗಕ್ಕೆ ಕೊಳ್ಳೋಣ ಎಂದು ಮೊದಲೇ ಮಾರಿ ಕುಳಿತವರಲ್ಲಿ ಹಲವರ ಸ್ಟಾಪ್‌ಲಾಸ್ (ನಷ್ಟ ಮಿತಿ ಮೀರದಂತೆ ವಹಿವಾಟು ಮುಗಿಸಲು ಮೊದಲೇ ಕೊಟ್ಟಿಡುವ ಆದೇಶ) ಈ ಗೆರೆಯ ಮೇಲಿರುತ್ತದೆ. ಗೆರೆ ದಾಟಿದೊಡನೆ ಅವರೂ ಕೊಳ್ಳಲೇಬೇಕಾಗುತ್ತದೆ, ಏರಿಕೆಗೆ ಬಲ ಬರುವುದು ಅಲ್ಲಿಂದ.

ಗೆರೆ ಮುಟ್ಟಿದ ಕೂಡಲೇ ಖರೀದಿಸಬೇಡಿ. ಒಂದು ಗಂಟೆಯ ಕ್ಯಾಂಡಲ್ (ಆ ಗಂಟೆಯ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ದರ ತೋರಿಸುವ ಕಂಬ) ಗೆರೆಯ ಮೇಲೆ ಮುಗಿಯಲಿ, ವಾಲ್ಯೂಮ್ (ವಹಿವಾಟಿನ ಪ್ರಮಾಣ) ಹಿಂದಿನ ಕ್ಯಾಂಡಲ್‌ಗಳಿಗಿಂತ ಹೆಚ್ಚಿರಲಿ. 5,810ಕ್ಕೆ ಕೊಂಡು 5,730ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಅಪಾಯ 80 ರೂಪಾಯಿ. ತಳದಿಂದ ನೆಕ್‌ಲೈನ್‌ಗೆ ಇರುವ 200ನ್ನು ಮೇಲಕ್ಕೆ ಕೂಡಿಸಿದರೆ ಗುರಿ 6,000, ಅಂದರೆ 190 ಲಾಭ. ಕ್ಯಾಂಡಲ್ ಮುಗಿಯುವಷ್ಟರಲ್ಲಿ ದರ 5,880ಕ್ಕೆ ಹಾರಿದ್ದರೆ ಅಪಾಯ 150, ಲಾಭ 120. ಚಿತ್ರ ಎಷ್ಟೇ ಚೆನ್ನಾಗಿರಲಿ, ಅದನ್ನು ಬಿಟ್ಟುಬಿಡುವುದೇ ಲೇಸು.

ವಹಿವಾಟಿನ ಒಂದು ಘಟಕಕ್ಕೆ ಲಾಟ್ ಎನ್ನುತ್ತಾರೆ. ಮಿನಿ ಲಾಟ್ ಎಂದರೆ 10 ಬ್ಯಾರೆಲ್. 80 ರೂಪಾಯಿ ತಪ್ಪಿದರೆ ಹೋಗುವುದು 800. ದೊಡ್ಡ ಲಾಟ್ 100 ಬ್ಯಾರೆಲ್, ಅಲ್ಲಿ 8,000. ಒಂದು ವಹಿವಾಟಿನಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಕಳೆಯಬಾರದೆಂದಿದ್ದರೆ, 1 ಲಕ್ಷ ಇರುವವರಿಗೆ ಒಂದೇ ಮಿನಿ ಲಾಟ್.

  

ಬುಧವಾರ ರಾತ್ರಿ ಅಮೆರಿಕದ ತೈಲ ದಾಸ್ತಾನಿನ ವರದಿ ಬರುತ್ತದೆ, ಅಲ್ಲಿನ ಬೇಸಿಗೆಯಲ್ಲಿ ನಮ್ಮ ಗಡಿಯಾರದ 8 ಗಂಟೆಗೆ, ಚಳಿಗಾಲದಲ್ಲಿ 9ಕ್ಕೆ. ಆ ಹೊತ್ತಿನ ಬ್ರೇಕ್‌ಔಟ್ (ದರ ಗೆರೆ ದಾಟುವುದು) ನಿಮಿಷಗಳಲ್ಲೇ ಹುಸಿಯಾಗಬಹುದು. ಇನ್ನೊಂದು ಮೋಸ, ಬೇರೆ ಬೇರೆ ತಿಂಗಳ ಕಾಂಟ್ರ್ಯಾಕ್ಟ್‌ಗಳನ್ನು (ನಿಗದಿತ ದಿನ ಮುಗಿಯುವ ಒಪ್ಪಂದಗಳನ್ನು) ಜೋಡಿಸಿದ ನಿರಂತರ ಚಾರ್ಟಿನದು. ಒಂದು ತಿಂಗಳ ಕಾಂಟ್ರ್ಯಾಕ್ಟ್ ಮುಗಿದು ಮುಂದಿನದು ಸೇರುವಲ್ಲಿ ದರ ಜಿಗಿದಂತೆ ಕಾಣುತ್ತದೆ, ಆದರೆ ಅಲ್ಲಿ ಯಾರೂ ಕೊಂಡಿರುವುದಿಲ್ಲ. ಗೆರೆ ಎಳೆಯುವುದಿದ್ದರೆ ಚಾಲ್ತಿ ತಿಂಗಳ ಚಾರ್ಟಿನ ಮೇಲೇ ಎಳೆಯಿರಿ.

ಕಾಂಟ್ರ್ಯಾಕ್ಟ್ ಅವಧಿ ಮುಗಿಯುವ ಎರಡು ಮೂರು ದಿನ ಮೊದಲೇ ಹೊರಬನ್ನಿ. 2020ರ ಏಪ್ರಿಲ್ 20ರಂದು ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತ್ತು. ರಾತ್ರಿ ನ್ಯೂಯಾರ್ಕಿನಲ್ಲಿ ದರ ಸೊನ್ನೆಗಿಂತ ಕೆಳಗಿಳಿಯಿತು. ಇಲ್ಲಿ ಅಂದು ಅವಧಿ ಮುಗಿದ ಕಾಂಟ್ರ್ಯಾಕ್ಟ್‌ನ ಲೆಕ್ಕ ಚುಕ್ತಾ ಆದದ್ದು ಮೈನಸ್ 2,884 ರೂಪಾಯಿಗೆ. ಸ್ಟಾಪ್‌ಲಾಸ್ ಹಾಕಿದ್ದವರಿಗೂ ಅದು ಕೆಲಸಕ್ಕೆ ಬರಲಿಲ್ಲ.